ಬಳಕೆ ತಪ್ಪಿದ್ದು, ಮುಟ್ಟಬಾರದು

ಸಾನ್ ಮೆಲ್ಚೋರ್ ಊರಿನಲ್ಲಿ ಊರಸಭೆಗೆ ಹೋಗದೆ ಮನೆಯಲ್ಲಿ ಮಲಗಿದವನಿಗೆ ಏನಾದರೊಂದು ಹುದ್ದೆ ಬಂದು ವಕ್ಕರಿಸುವುದು ಖಾತ್ರಿ. ಸಂಬಳವಿಲ್ಲದ ಊರಸೇವೆಗೆ ಎದುರಿಗೆ ಕೂತವನ ಹೆಸರು ಹೇಳಿದರೆ ಅವನು ಎದ್ದು ನಿಂತು ತನ್ನ ಬೆನ್ನುನೋವು, ಹೆಂಡತಿಯ ಕಾಯಿಲೆ, ಆಡಿನ ಬಾಣಂತನ ಎಲ್ಲವನ್ನೂ ಬಣ್ಣಿಸುತ್ತಾನೆ. ಬಾರದವನಿಗೆ ಆ ಸೌಕರ್ಯವಿಲ್ಲ. ದೊನ್ ಓದಿಲೋನ್ ಅಂಚೆ ಕಚೇರಿಯಿಂದ ನಿವೃತ್ತನಾದ ವರ್ಷ ಒಂದು ಭಾನುವಾರ ನೆಗಡಿಯೆಂದು ಮುಸುಕು ಹೊದ್ದು ಮಲಗಿದ್ದ. ಸಂಜೆ ಏಳುವಷ್ಟರಲ್ಲಿ ಊರ ವಸ್ತುಸಂಗ್ರಹಾಲಯದ ಅಧ್ಯಕ್ಷನಾಗಿದ್ದ. ಬೇರೆ ಯಾರಾದರೂ ಆಗಿದ್ದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಓದಿಲೋನ್ ಮಾತ್ರ ಊರು ತನ್ನನ್ನು ಕೊನೆಗೂ ಗುರುತಿಸಿತು ಎಂದುಕೊಂಡು, ಮಗಳ ಮದುವೆಗೆ ಹೊಲಿಸಿದ್ದ ಕಪ್ಪು ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ.

ಅಂದಿನಿಂದ ಆ ಕೋಟು ಅವನ ಮೈಮೇಲಿಂದ ಇಳಿದದ್ದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ. (ನಿದ್ದೆಯ ವಿಷಯವನ್ನು ಅವನ ಹೆಂಡತಿ ಹಸಿಂತಾ ಒಪ್ಪುವುದಿಲ್ಲ. ಮಧ್ಯಾಹ್ನದ್ದು ಕೋಟಿನಲ್ಲೇ ಆಗುತ್ತಿತ್ತು ಎನ್ನುತ್ತಾಳೆ.)

ಸಂಗ್ರಹಾಲಯವೆಂದರೆ ಹಳೆಯ ಜೈಲಿನ ಎರಡು ಕೋಣೆ, ಮುಂದೊಂದು ಅಂಗಳ. ಜೈಲಾಗಿದ್ದಾಗ ಅಲ್ಲಿ ಜನರಾದರೂ ಇರುತ್ತಿದ್ದರು. ಈಗ ಇದ್ದದ್ದು ಚರಂಡಿ ಅಗೆಯುವಾಗ ಸಿಕ್ಕ ತಲೆಯಿಲ್ಲದ ಮಣ್ಣಿನ ದೇವರುಗಳು, ತಲೆ ಮಾತ್ರ ಉಳಿದ ಒಬ್ಬ ಸಂತ, ಊರ ಬ್ಯಾಂಡಿನವರ ಮಸುಕಾದ ಫೋಟೋ ಮತ್ತು ಪಾದ್ರಿಯೊಬ್ಬರ ಮೂರು ಕಾಲಿನ ಕುರ್ಚಿ. ಮಳೆ ಬಂದಾಗ ಬಸ್ಸು ಕಾಯುವವರು ಒಳಗೆ ಬಂದು ನಿಲ್ಲುತ್ತಿದ್ದರು. ಅವರಿಗೆ ಓದಿಲೋನ್ ದೇವರುಗಳ ಮಹಿಮೆಯನ್ನು ವಿವರಿಸತೊಡಗಿದರೆ ಮಳೆಯಲ್ಲಿ ನೆನೆಯುವುದೇ ವಾಸಿಯೆಂದು ಕೆಲವರು ಹೊರಗೆ ಹೋಗುತ್ತಿದ್ದರು.

ಕುರ್ಚಿಯ ನಾಲ್ಕನೆಯ ಕಾಲು ಹೋದದ್ದು ಊರ ನಾಟಕ ತಂಡದವರಿಂದ. ಅವರು ಆಟಕ್ಕೆಂದು ಕುರ್ಚಿ ಒಯ್ದಿದ್ದರು. ತಂಡದ ಯಜಮಾನ ಕ್ರಿಸೋಫೊರೊ ಅದರ ಮೇಲೆ ರಾಜನಾಗಿ ಕೂತಿದ್ದ. ಹಂದಿ ಕಡಿಯುವುದು ಅವನ ಕಸುಬು, ಪದ್ಯ ಕಟ್ಟುವುದು ಅವನ ಹುಚ್ಚು, ಗಾತ್ರ ಅವನು ಕಡಿಯುವ ಹಂದಿಗಳದ್ದೇ. ಓದಿಲೋನನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನಾದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು 'ಕಂಪಾದ್ರೆ'. ಆ ನಂಟಿನಲ್ಲಿ ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು.

ಕುರ್ಚಿ ಮುರಿದ ಮೇಲೆ ಓದಿಲೋನ್ ಊರಸಭೆಯಲ್ಲಿ ಎದ್ದು ನಿಂತು ಒಂದು ನಿಯಮ ಮಂಡಿಸಿ ಪಾಸು ಮಾಡಿಸಿಕೊಂಡ. ಸಂಗ್ರಹಾಲಯದ ಹೊಸಿಲೊಳಗೆ ಬಂದ ವಸ್ತು ಊರಸಭೆಯ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಬರೀ ಬಹುಮತದ ಒಪ್ಪಿಗೆ ಸಾಲದು. ಬೇಡವೆಂದು ಒಂದೇ ಒಂದು ಕೈ ಎದ್ದರೂ ಮುಗಿಯಿತು, ವಸ್ತು ಇದ್ದಲ್ಲೇ ಇರಬೇಕು. ಆ ಒಂದು ಕೈ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ತನ್ನ ಹೆಗಲಿಗೆ ತೋಳು ಅಂಟಿಕೊಂಡಿರುವ ತನಕ ಸಂಗ್ರಹಾಲಯಕ್ಕೆ ಭಯವಿಲ್ಲವೆಂದು ಓದಿಲೋನ್ ಹೇಳಿಕೊಂಡು ತಿರುಗುತ್ತಿದ್ದ.

ಆ ವರ್ಷ ಸಂಗ್ರಹಾಲಯದ ವಾರ್ಷಿಕೋತ್ಸವಕ್ಕೆ ವಾಹಾಕಾ ಪಟ್ಟಣದಿಂದ ಪೆರಾಲ್ತಾ ಎಂಬ ಅಧಿಕಾರಿಣಿ ಬರುವುದಾಗಿ ತಿಳಿಸಿದರು. ಸುತ್ತಲಿನ ಹಳ್ಳಿಗಳ ಸಂಗ್ರಹಾಲಯಗಳನ್ನು ನೋಡಿ, ಮೆಚ್ಚಿದ ಒಂದಕ್ಕೆ ಹೆದ್ದಾರಿಯಲ್ಲಿ ಬಾಣದ ಗುರುತಿನ ಹಸಿರು ಫಲಕ ಹಾಕಿಸುವ ಅಧಿಕಾರ ಆಕೆಗಿತ್ತು. ಆ ಫಲಕ ಓದಿಲೋನನ ಕನಸಿಗೇ ಬಂದುಬಿಟ್ಟಿತು. ಆದರೆ ತಲೆಯಿಲ್ಲದ ದೇವರುಗಳನ್ನು ತೋರಿಸಿ ಬಾಣ ಗಿಟ್ಟಿಸುವುದು ಕಷ್ಟ. ಆಗ ಅವನಿಗೊಂದು ದಿವ್ಯವಾದ ಯೋಚನೆ ಹೊಳೆಯಿತು: 'ಮನೆಗೊಂದು ವಸ್ತು'. ಪ್ರತಿ ಮನೆಯವರೂ ತಮ್ಮ ಮನೆಯ ಹಳೆಯದೊಂದನ್ನು ತಂದು ಕೊಡತಕ್ಕದ್ದು. ಇದನ್ನು ಅವನು ಧ್ವನಿವರ್ಧಕದಲ್ಲಿ ಸಾರಿದ. ಸಾರುವಾಗ 'ಪರಂಪರೆ' ಎಂಬ ಮಾತನ್ನು ಎಷ್ಟು ಸಲ ಹೇಳಿದನೆಂದರೆ ನಾಯಿಗಳು ಕೂಡ ಎದ್ದು ಬೇರೆ ಬೀದಿಗೆ ಹೋದವು.

ಜನ ತಂದರು. ಹಳೆಯದನ್ನಲ್ಲ, ಬೇಡವಾದದ್ದನ್ನು. ಹಾಡದ ರೇಡಿಯೊ ಬಂತು, ಸೋರುವ ಬಕೆಟ್ಟು ಬಂತು. ಒಬ್ಬಳು ತನ್ನ ಅತ್ತೆಯ ಊರುಗೋಲು ತಂದಳು. ಅದಿನ್ನೂ ಹೊಸಿಲು ದಾಟುವ ಮೊದಲೇ ಅತ್ತೆ ಗೋಡೆ ಹಿಡಿದುಕೊಂಡು ಬಂದು ಅದನ್ನು ಕಿತ್ತುಕೊಂಡು, ಅದರಿಂದಲೇ ಸೊಸೆಯ ಕಾಲಿಗೆ ಎರಡು ಕೊಟ್ಟು ಹೋದಳು. ಅಧ್ಯಕ್ಷನಾದವನು ಮೇಲ್ಪಂಕ್ತಿ ಹಾಕಿಕೊಡಬೇಕೆಂದು ಓದಿಲೋನನಿಗೆ ಆಗ ಅನ್ನಿಸಿತು.

ಬುಧವಾರ ಹಸಿಂತಾ ಎತ್ಲಾ ಸಂತೆಗೆ ಹೋದದ್ದೇ ತಡ, ಅವನು ಕೋಟು ತೊಟ್ಟು ಅಡುಗೆಮನೆಗೆ ನುಗ್ಗಿದ. ಮೂಲೆಯಲ್ಲಿ ಅವಳ ಅರೆಯುವ ಕಲ್ಲಿತ್ತು. ಕರಿಯ ಕಲ್ಲು, ಮೂರು ಮೊಂಡುಗಾಲು, ಮುಂದಕ್ಕೆ ಇಳಿಜಾರು, ಮೇಲೊಂದು ಉದ್ದನೆಯ ಕೈಗುಂಡು. ಬದಿಯಲ್ಲಿ ಕೆತ್ತಿದ ಹೂಗಳ ಬಣ್ಣ ಅರ್ಧ ಮಾಸಿತ್ತು. ಮನೆಯಲ್ಲಿ ಮಿಕ್ಸಿ ಇದೆ, ಬೀದಿ ತುದಿಯಲ್ಲಿ ಗಿರಣಿ ಇದೆ, ಈ ಭಾರ ಯಾಕೆ ನೆಲ ಸವೆಸಬೇಕು ಎಂದು ಅವನು ತರ್ಕಿಸಿದ. ಆ ಭಾರವನ್ನು ತಳ್ಳುಗಾಡಿಗೆ ಏರಿಸುವಾಗ ಸೊಂಟ ಹಿಡಿಯಿತು, ಕೋಟಿನ ಕಂಕುಳು ಬಿರಿಯಿತು. ಆದರೂ ಸಂಗ್ರಹಾಲಯದ ನಡುವಿನ ಕಟ್ಟೆಯ ಮೇಲೆ ಅದನ್ನು ಕೂರಿಸಿ, ಸುತ್ತ ಕೆಂಪು ಹಗ್ಗ ಕಟ್ಟಿ, ತನ್ನ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದಿಟ್ಟ: 'ಅರೆಯುವ ಕಲ್ಲು. ಹಿಂದಿನ ಕಾಲದ ಹೆಂಗಸರದು. ಬಳಕೆ ತಪ್ಪಿದ್ದು. ಮುಟ್ಟಬಾರದು.' ಇಡೀ ಸಂಗ್ರಹಾಲಯದಲ್ಲಿ ಮುಕ್ಕಾಗದೆ ಇದ್ದ ವಸ್ತು ಅದೊಂದೇ.

ಹಸಿಂತಾ ಸಂತೆಯಿಂದ ಬಂದು ಅಡುಗೆಮನೆಯ ಮೂಲೆ ನೋಡಿದಳು. ಬುಟ್ಟಿಯನ್ನು ಕೆಳಗಿಡದೆ ನೇರ ಸಂಗ್ರಹಾಲಯಕ್ಕೆ ನಡೆದಳು. ಹಗ್ಗದ ಈಚೆ ನಿಂತು ಚೀಟಿಯನ್ನು ಬೆರಳಿಟ್ಟು ಓದಿದಳು.

"ಇದೇನು ಬರೆದಿದ್ದೀಯ, ಮುದುಕಾ?"

"ಇತಿಹಾಸ ಕಣೆ, ಮುದುಕಿ."

"ಬಳಕೆ ತಪ್ಪಿದ್ದು ಅಂತ ಬರೆದಿದ್ದೀಯ. ನಿನ್ನೆ ಬೆಳಿಗ್ಗೆ ಸೊರ್ ಅಂತ ಕುಡಿದೆಯಲ್ಲ ಚಾಕೊಲೇಟು, ಆ ಕೋಕೋ ಎಲ್ಲಿ ಅರೆದೆ ಅಂದ್ಕೊಂಡಿದ್ದೀಯ? ನಿನ್ನ ತಲೆ ಮೇಲಾ?"

"ಪರಂಪರೆ ಅನ್ನೋದು ಒಬ್ಬರ ಸ್ವತ್ತಲ್ಲ," ಎಂದು ಓದಿಲೋನ್ ಧ್ವನಿವರ್ಧಕದ ದನಿಯಲ್ಲಿ ಹೇಳಿದ.

"ಪರಂಪರೆ ನಿಂದೇ ಇರಲಿ. ಕಲ್ಲು ನಂದು."

ಅವಳದೇ ನಿಜ. ಮದುವೆಯ ದಿನ ಹೆಣ್ಣಿಗೆ ಅರೆಯುವ ಕಲ್ಲು ಕೊಡುವುದು ಅಲ್ಲಿಯ ಪದ್ಧತಿ. ಹೂ ಮುಡಿಸಿ, ಬ್ಯಾಂಡು ಬಾರಿಸಿ, ಅದನ್ನು ಹೊತ್ತು ಕುಣಿಯುತ್ತ ಗಂಡನ ಮನೆಗೆ ತರುತ್ತಾರೆ. ಮನೆ ಅವನ ಅಪ್ಪನದು, ಹಿತ್ತಿಲು ಅವನ ಅಣ್ಣತಮ್ಮಂದಿರ ಜೊತೆಯದು, ಮಿಕ್ಸಿ ಮಗಳು ಕೊಡಿಸಿದ್ದು. ಆ ಮನೆಯಲ್ಲಿ ಹಸಿಂತಾ 'ನನ್ನದು' ಎಂದು ಹೇಳುತ್ತಿದ್ದದ್ದು ಆ ಕಲ್ಲೊಂದನ್ನೇ. ಅವಳ ಅವ್ವ ಅರೆದ ಕಲ್ಲು ಅದು. ಸತ್ತವರ ಹಬ್ಬ ಬೇರೆ ಹತ್ತಿರ ಬರುತ್ತಿತ್ತು. ಆ ದಿನ ಹೋದವರೆಲ್ಲ ಮನೆಗೆ ಬರುತ್ತಾರೆ, ಎಡೆಯ ಮುಂದೆ ಕೂರುತ್ತಾರೆ. ಅವರಿಗೆ ಬಾಯಿಲ್ಲ, ಅವರು ತೆಗೆದುಕೊಳ್ಳುವುದು ವಾಸನೆಯನ್ನು ಮಾತ್ರ. ಉಳಿದದ್ದು ಬದುಕಿದ್ದವರ ಪಾಲು. ಹಸಿಂತಾ ಪ್ರತಿವರ್ಷ ಅವ್ವನಿಗಾಗಿ ಕರಿ ಮೋಲೆ ಮಾಡುತ್ತಿದ್ದಳು. ಹಲವು ಬಗೆಯ ಒಣಮೆಣಸಿನಕಾಯಿ ಸುಟ್ಟು, ಎಳ್ಳು, ಬಾದಾಮಿ, ಕೋಕೋ ಸೇರಿಸಿ, ಮಂಡಿಯೂರಿ ಕೂತು ಮಧ್ಯಾಹ್ನವೆಲ್ಲ ಅರೆದು ಕುದಿಸಿದ ದಪ್ಪ ಸಾರು. ಅದರ ವಾಸನೆಗೆ ಮೂರು ಬೀದಿಯ ಜನ ಏನಾದರೊಂದು ನೆಪ ಹೂಡಿಕೊಂಡು ಬರುತ್ತಿದ್ದರು.

"ಗಿರಣಿಗೆ ಹಾಕಿಸು. ಮಿಕ್ಸಿ ಇದೆ," ಎಂದ ಓದಿಲೋನ್.

"ಗಿರಣೀಲಿ ಊರವರದ್ದೆಲ್ಲ ಅರೀತಾರೆ. ಅದರ ವಾಸನೆ ಹಿಡಿದು ಬಂದ್ರೆ ನಮ್ಮವ್ವ ನನ್ನ ಮನೆಗೆ ಬರ್ತಾಳಾ, ಗಿರಣಿಯವನ ಮನೆಗೆ ಹೋಗ್ತಾಳಾ?" ಅವಳು ಬುಟ್ಟಿಯನ್ನು ಕೆಳಗಿಟ್ಟು ಕೈ ಚಾಚಿದಳು. "ಕಲ್ಲು ಕೊಡು."

ಓದಿಲೋನನಿಗೂ ಒಳಗೆ ಅಳುಕಾಯಿತು. ಆದರೆ ಕಣ್ಣಿನ ಮುಂದೆ ಹಸಿರು ಫಲಕವಿತ್ತು. ನಿಯಮದ ಪ್ರಕಾರ ಕೊಡಲಾಗದು, ಊರಸಭೆ ಸೇರಬೇಕು, ಒಂದೂ ಕೈ ಅಡ್ಡ ಏಳಕೂಡದು ಎಂದು ವಿವರಿಸಿದ.

"ಯಾರ ಕೈ ಏಳತ್ತೆ ಅಡ್ಡ?"

"ಸಂಗ್ರಹಾಲಯದ ಹಿತದೃಷ್ಟಿಯಿಂದ," ಎಂದು ಅವನು ಕೆಮ್ಮಿದ, "ನನ್ನದೇ."

ಹಸಿಂತಾ ಅವನ ಬಲಗೈಯನ್ನು ಬಹಳ ಹೊತ್ತು ನೋಡಿದಳು. ಕ್ರಿಸೋಫೊರೊ ಹಂದಿಯನ್ನು ಕಡಿಯುವ ಮುಂಚೆ ಹಾಗೆ ನೋಡುತ್ತಾನೆ. ಆಮೇಲೆ "ಸರಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಸುಲಭವಾಗಿ ಸರಿ ಎಂದದ್ದಿಲ್ಲ. ಓದಿಲೋನ್ ಅದನ್ನು ತನ್ನ ವಾದದ ಗೆಲುವೆಂದು ತಿಳಿದುಕೊಂಡ.

ಮಾರನೆಯ ದಿನದಿಂದ ಮನೆಯ ಅಡುಗೆಯೂ ಸಂಗ್ರಹಾಲಯದ ಮಟ್ಟಕ್ಕೆ ಏರಿತು. ಬೆಳಿಗ್ಗೆ ಬೇಯಿಸಿದ ಕರಿಕಾಳು, ಮಧ್ಯಾಹ್ನ ಅದೇ ಕಾಳು, ಸಂಜೆ ಅದೇ ಕಾಳಿನ ನೆನಪು. ಚಟ್ನಿ ಇಲ್ಲ, ಏಕೆಂದರೆ ಅರೆಯಬೇಕು. ಚಾಕೊಲೇಟು ಇಲ್ಲ, ಅರೆಯಬೇಕು. ಮೆಕ್ಕೆಜೋಳದ ರೊಟ್ಟಿ ಅಂಗಡಿಯಿಂದ ಬರುತ್ತಿತ್ತು. ಅದನ್ನು ಮಡಿಸಿದರೆ ರಟ್ಟಿನಂತೆ ಸದ್ದು ಮಾಡುತ್ತಿತ್ತು. ಮಿಕ್ಸಿ ಇದೆಯಲ್ಲ ಎಂದರೆ, ಅದು ಹೊಸದು, ಹೊಸದನ್ನು ಬಳಸಿ ಹಾಳು ಮಾಡಬಾರದು, ನಾಳೆ ನಿನ್ನ ಮ್ಯೂಸಿಯಮ್ಮಿಗೆ ಬೇಕಾಗಬಹುದು ಎನ್ನುತ್ತಿದ್ದಳು. ಬೈಗುಳವಿಲ್ಲ, ಮುನಿಸಿಲ್ಲ, ತಟ್ಟೆ ಕುಕ್ಕುವುದಿಲ್ಲ. ಓದಿಲೋನನ ಕೋಟು ಮೈಮೇಲೆ ಸಡಿಲವಾಗತೊಡಗಿತು.

ಒಮ್ಮೆ ಅವಳು ಹುರಿದ ಮೆಣಸಿನಕಾಯಿ ತಟ್ಟೆ ಹಿಡಿದು ಸಂಗ್ರಹಾಲಯಕ್ಕೇ ಬಂದಳು. ಹಗ್ಗದ ಕೆಳಗೆ ನುಸುಳಲು ಬಗ್ಗಿದಾಗ ಓದಿಲೋನ್ ಓಡಿಬಂದು ಚೀಟಿಯ ಕೊನೆಯ ಸಾಲನ್ನು ತೋರಿಸಿದ. ನೋಡಲು ಬಂದವರು ಮುಟ್ಟಬಾರದು, ನಾನು ಅರೆಯಲು ಬಂದವಳು ಎಂದಳು ಅವಳು. ಅವನು ಒಪ್ಪಲಿಲ್ಲ. ಮಳೆಗೆ ನಿಂತಿದ್ದ ನಾಲ್ಕು ಜನರ ಎದುರು ಹೆಂಡತಿಯನ್ನು ಅವಳದೇ ಕಲ್ಲಿನಿಂದ ದೂರ ನಿಲ್ಲಿಸಿದ. ಅವಳ ಮುಖ ಕೆಂಪಾಯಿತು. ಆ ನಾಲ್ವರೂ ಅದನ್ನು ಊರಿಗೆಲ್ಲ ಹಂಚಿದರು.

ಇನ್ನು ಉತ್ಸವಕ್ಕೆ ಜನ ಸೇರಿಸಬೇಕಿತ್ತು. ಸಾನ್ ಮೆಲ್ಚೋರಿನಲ್ಲಿ ಜನ ಸೇರುವುದು ಒಂದಕ್ಕೇ: ಸತ್ತವರ ಹಬ್ಬದಂದು ಕ್ರಿಸೋಫೊರೊನ ತಂಡ ಆಡುವ ಸತ್ತವನಾಟಕ್ಕೆ. ಒಬ್ಬ ಸತ್ತು ಬಿದ್ದಿರುತ್ತಾನೆ. ಅವನ ವಿಧವೆ ಅಳುತ್ತಾಳೆ, ವೈದ್ಯ ಬರುತ್ತಾನೆ, ಪಾದ್ರಿ ಬರುತ್ತಾನೆ, ಕೊನೆಗೆ ಮಂತ್ರವಾದಿ ಬಂದು ಅವನನ್ನು ಎಬ್ಬಿಸುತ್ತಾನೆ. ಹೆಣ್ಣು ಪಾತ್ರವೂ ಗಂಡಸರದೇ. ನಡುನಡುವೆ ಊರವರ ವರ್ಷದ ಹಗರಣಗಳನ್ನು ಹೆಸರು ಹಿಡಿದು ಪದ್ಯದಲ್ಲಿ ಹರಾಜು ಹಾಕುತ್ತಾರೆ. ಹೆಸರು ಬಂದವನು ಸಿಟ್ಟಾಗುವಂತಿಲ್ಲ. ಇನ್ನೊಂದು ಕಟ್ಟಳೆ ಅದಕ್ಕಿಂತ ಬಿಗಿಯಾದದ್ದು: ಮಂತ್ರವಾದಿ ಎಬ್ಬಿಸುವ ತನಕ ಸತ್ತವನು ಕೈಕಾಲು ಅಲ್ಲಾಡಿಸಬಾರದು, ಬಾಯಿ ಬಿಡಬಾರದು. ಹಿಂದೊಮ್ಮೆ ಸತ್ತವನು ಸೀನಿದ ವರ್ಷ ಬ್ಯಾಂಡಿನ ದೊಡ್ಡ ತುತ್ತೂರಿಯ ಮೇಲೆ ಬಸ್ಸು ಹರಿದಿತ್ತು, ಜೋಳಕ್ಕೆ ಹುಳ ಬಿದ್ದಿತ್ತು. ಸೀನಿದವನು ಸಂಸಾರ ಸಮೇತ ಊರು ಬಿಟ್ಟ.

ಹಬ್ಬದ ದಿನ ಅಧಿಕಾರಿಣಿಗೆ ರಜೆ. ಆದ್ದರಿಂದ ಆಟವನ್ನು ಹಿಂದಿನ ದಿನದ ಮಧ್ಯಾಹ್ನಕ್ಕೆ ಸಂಗ್ರಹಾಲಯದ ಅಂಗಳದಲ್ಲಿ ಆಡಬೇಕೆಂದು ಕೇಳಲು ಓದಿಲೋನ್ ಕಂಪಾದ್ರೆಯ ಅಂಗಡಿಗೆ ಹೋದ. ಕುರ್ಚಿಯ ಜಗಳ ಮರೆತಿರಲಿಕ್ಕಿಲ್ಲ, ಕಾಲು ಹಿಡಿಸುತ್ತಾನೆ ಎಂದುಕೊಂಡೇ ಹೋಗಿದ್ದ. ಕ್ರಿಸೋಫೊರೊ ಕತ್ತಿ ಒರೆಸುತ್ತ ಒಂದೇ ಮಾತಿಗೆ ಒಪ್ಪಿದ.

"ಆದ್ರೆ ಒಂದು ಮಾತು, ಕಂಪಾದ್ರೆ. ಈ ಸಲ ಮುಖ್ಯ ಪಾತ್ರ ನೀವು ಮಾಡ್ಬೇಕು."

ತಂಡದವರು ಈವರೆಗೆ ಓದಿಲೋನನಿಗೆ ಕೊಟ್ಟಿದ್ದ ಅತಿ ದೊಡ್ಡ ಪಾತ್ರ ಲಾಟೀನು ಹಿಡಿಯುವುದು. "ಯಾವ ಪಾತ್ರ?"

"ಸತ್ತವನದು. ಆಟವೆಲ್ಲ ಯಾರ ಸುತ್ತ ನಡೆಯತ್ತೆ ಹೇಳಿ. ಮಿಕ್ಕೋರು ಬರ್ತಾರೆ, ಹೋಗ್ತಾರೆ. ಸತ್ತವನು ಮೊದಲಿಂದ ಕೊನೇವರೆಗೂ ರಂಗದ ಮೇಲಿರ್ತಾನೆ. ಆ ಗಾಂಭೀರ್ಯ ಊರಲ್ಲಿ ಬೇರೆ ಯಾರಿಗಿದೆ?"

"ಮಾತು ಎಷ್ಟಿದೆ?"

"ಮಾತಿಲ್ಲದೆ ಗೆಲ್ಲೋದೇ ದೊಡ್ಡ ನಟನೆ, ಕಂಪಾದ್ರೆ. ಪಟ್ಟಣದ ಆ ಅಮ್ಮಾವ್ರಿಗೆ ಅದೆಲ್ಲ ಗೊತ್ತಾಗತ್ತೆ."

ಮನೆಗೆ ಬಂದು ಹೇಳಿದಾಗ ಹಸಿಂತಾ ಕೂಡ ಸಂತೋಷಪಟ್ಟಳು. ಬಿರಿದ ಕಂಕುಳು ಹೊಲಿದು, ಕೋಟಿಗೆ ಇಸ್ತ್ರಿ ಹಾಕಿ, ಕೈ ಎರಡನ್ನೂ ಎದೆಯ ಮೇಲಿಟ್ಟುಕೊಂಡು ಮಲಗುವುದನ್ನು ತಾನೇ ಅಭ್ಯಾಸ ಮಾಡಿಸಿದಳು. ಬೆರಳು ಅಲ್ಲಾಡಿದರೆ ಸೌಟಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ತನ್ನ ಕಲೆಗೆ ಹೆಂಡತಿಯೂ ಸೋತಳೆಂದು ಓದಿಲೋನ್ ಕಣ್ಣು ಮುಚ್ಚಿಕೊಂಡೇ ಹಿಗ್ಗಿದ.

ಆ ಮಧ್ಯಾಹ್ನ ಅಂಗಳ ತುಂಬಿ, ಜನ ಗೋಡೆಯ ಮೇಲೂ ಕೂತಿದ್ದರು. ಅಧಿಕಾರಿಣಿ ಪೆರಾಲ್ತಾ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಊರಾಧ್ಯಕ್ಷ ಎವರಿಸ್ತೊ. ಕಟ್ಟೆಯ ಮೇಲಿನ ಅರೆಯುವ ಕಲ್ಲನ್ನು ಅಂಗಳಕ್ಕೆ ತಂದಿಟ್ಟಿದ್ದರು. ಅಧಿಕಾರಿಣಿಗೆ ಚೆನ್ನಾಗಿ ಕಾಣಲೆಂದು ಇದನ್ನು ಸೂಚಿಸಿದವನು ಓದಿಲೋನನೇ. (ಅಂಗಳವೂ ಹೊಸಿಲೊಳಗೇ ಬರುತ್ತದೆಂದು ಮೊದಲೇ ಖಚಿತಪಡಿಸಿಕೊಂಡಿದ್ದ.) ಅವನು ಇಸ್ತ್ರಿ ಹಾಕಿದ ಕೋಟಿನಲ್ಲಿ ಚಾಪೆಯ ಮೇಲೆ ಮಲಗಿ, ಮೈತುಂಬ ಚೆಂಡುಹೂ ಹೊದಿಸಿಕೊಂಡು, ಕಣ್ಣು ಮುಚ್ಚಿ ಸತ್ತ. ಬ್ಯಾಂಡು ಶೋಕದ ಸ್ವರ ನುಡಿಸಿತು. ಸಾಯುವುದು ಇಷ್ಟು ಭವ್ಯವಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ವಿಧವೆ ಬಂದಳು. ನೆಲ ನಡುಗಿದ್ದರಿಂದ ಅದು ಕ್ರಿಸೋಫೊರೊ ಎಂದು ಗೊತ್ತಾಯಿತು. ಜನ ಹೋ ಎಂದು ನಕ್ಕರು. ಓದಿಲೋನ್ ರೆಪ್ಪೆಯ ಸಂದಿಯಿಂದ ಕೂದಲೆಳೆಯಷ್ಟು ನೋಡಿದ. ಕಂಪಾದ್ರೆಯ ಹೆಗಲ ಮೇಲಿದ್ದದ್ದು ಹಸಿಂತಾಳ ಶಾಲು, ಸೊಂಟದಲ್ಲಿದ್ದದ್ದು ಹಸಿಂತಾಳ ಲಂಗ, ಹಿಂದೆ ಪಿನ್ನು ಹಾಕಿ ಹಿಗ್ಗಿಸಿದ್ದು. ಮೀಸೆ ಮಾತ್ರ ಅವನದೇ. ವಿಧವೆ ಎದೆ ಬಡಿದುಕೊಂಡು ರಾಗ ಎಳೆದಳು:

"ಅಯ್ಯೋ ನನ್ನ ರಾಯ ಸತ್ತ, ಕೋಟು ತೊಟ್ಟೇ ಸತ್ತ,
ಹೆಂಡತಿ ಕಲ್ಲು ಕದ್ದ ದಿನವೇ ಅರ್ಧ ಜೀವ ಬಿಟ್ಟ."

ಓದಿಲೋನನ ಕಿವಿ ಬಿಸಿಯಾಯಿತು. ಅದು ಕ್ರಿಸೋಫೊರೊನ ಪದ್ಯವಲ್ಲ. 'ಅರ್ಧ ಜೀವ' ಎನ್ನುವುದು ಹಸಿಂತಾಳ ಅಡುಗೆಮನೆಯ ಮಾತು. ವೈದ್ಯ ಬಂದು ಅವನ ಹೊಟ್ಟೆಯ ಮೇಲೆ ಕಿವಿಯಿಟ್ಟ:

"ರೋಗ ಹಿಡಿದೆ, ಬಾರೇ ತಾಯಿ, ಎಲ್ಲಾ ಹೊಟ್ಟೆಯಲ್ಲಿದೆ,
ಮೋಲೆ ಇಲ್ಲ, ಚಟ್ನಿ ಇಲ್ಲ, ಬರೀ ಕಾಳು ಬೆಂದಿದೆ."

ಪಾದ್ರಿ ಪಾತ್ರದವನು ನೀರು ಚಿಮುಕಿಸಿದ. ಅದು ನೀರಲ್ಲ, ಮೆಸ್ಕಾಲ್ ಸಾರಾಯಿ:

"ನೆಗಡಿ ಬಂದು ಅಧ್ಯಕ್ಷನಾದ, ಏನು ಸಾಧನೆ ಮಾಡಿದ?
ತಲೆಯಿಲ್ಲದ ದೇವರ ನಡುವೆ ತನ್ನ ಬಳಗ ಕೂಡಿದ."

ಅಧಿಕಾರಿಣಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಎದ್ದು ಕಂಪಾದ್ರೆಯ ಮೀಸೆ ಕಿತ್ತುಬಿಡಬೇಕು ಎನ್ನಿಸಿತು ಓದಿಲೋನನಿಗೆ. ಆದರೆ ಎದ್ದರೆ ಬ್ಯಾಂಡಿನ ತುತ್ತೂರಿ, ಊರಿನ ಜೋಳ, ಹೆದ್ದಾರಿಯ ಫಲಕ ಎಲ್ಲವೂ ಹೋದ ಹಾಗೆ. ಹಲ್ಲು ಕಚ್ಚಿಕೊಂಡು ಸತ್ತೇ ಇದ್ದ. ಮಂತ್ರವಾದಿ ಬರಲು ಇನ್ನು ಹೆಚ್ಚು ಹೊತ್ತಿಲ್ಲ, ಸಹಿಸಿಕೊಂಡರಾಯಿತು.

ಆಗ ವಿಧವೆ ಅಳು ನಿಲ್ಲಿಸಿ ಮಾಮೂಲಿ ದನಿಯಲ್ಲಿ ಊರಾಧ್ಯಕ್ಷನ ಕಡೆ ತಿರುಗಿದಳು.

"ದೊನ್ ಎವರಿಸ್ತೊ, ಊರಿನ ಎಲ್ಲಾ ಮನೆಯವರೂ ಇಲ್ಲೇ ಇದ್ದಾರೆ ಅಲ್ವಾ?"

"ಇದ್ದಾರೆ. ಗೋಡೆ ಮೇಲಿರೋರನ್ನೂ ಸೇರಿಸಿದ್ರೆ ಎಲ್ಲಾ ಇದ್ದಾರೆ."

"ಹಂಗಾದ್ರೆ ಸಭೆ ಅಂತ ಗಂಟೆ ಹೊಡೀರಿ. ಸತ್ತವನ ಹೆಂಡ್ತಿ ತನ್ನ ಕಲ್ಲು ವಾಪಸ್ ಕೇಳ್ತಾ ಇದ್ದಾಳೆ."

ಎವರಿಸ್ತೊ ಜೇಬಿನಿಂದ ಊರಸಭೆಯ ಗಂಟೆ ತೆಗೆದ. ಆಟ ನೋಡಲು ಬಂದವನ ಜೇಬಿನಲ್ಲಿ ಗಂಟೆ ಯಾಕಿತ್ತೆಂದು ಓದಿಲೋನನಿಗೆ ಆಗ ಹೊಳೆಯಿತು. ಹಾಗೆಯೇ ಕೈ ಎದೆಯ ಮೇಲಿಟ್ಟು ಮಾಡಿಸಿದ ಅಭ್ಯಾಸ, ಸೌಟು, ಇಸ್ತ್ರಿ, 'ಸರಿ' ಎಂಬ ಆ ಒಂದು ಮಾತು ಎಲ್ಲವೂ ಒಟ್ಟಿಗೆ ಹೊಳೆದವು.

"ಕಲ್ಲು ಹಸಿಂತಾಗೆ ಕೊಡಬಹುದು ಅನ್ನೋರು ಕೈ ಎತ್ತಿ." ಬಟ್ಟೆಗಳ ಸರಸರ ಸದ್ದು ಅಂಗಳವನ್ನೆಲ್ಲ ತುಂಬಿತು. ಅಧಿಕಾರಿಣಿ ಕೂಡ ಇದು ಆಟದ್ದೇ ಭಾಗವೆಂದು ಕೈ ಎತ್ತಿದ್ದರು.

"ಬೇಡ ಅನ್ನೋರು?"

ಊರಿನ ಕಣ್ಣೆಲ್ಲ ತನ್ನ ಬಲಗೈ ಮೇಲಿದೆಯೆಂದು ಓದಿಲೋನನಿಗೆ ರೆಪ್ಪೆ ತೆರೆಯದೆಯೂ ಗೊತ್ತಿತ್ತು. ಕೈ ತುರಿಸಿತು, ಬೆರಳು ಬೆವರಿತು. ಎತ್ತಲೇ? ಯಾವ ಹೆಗಲ ಮೇಲೆ ಸಂಗ್ರಹಾಲಯವೇ ನಿಂತಿತ್ತೋ ಆ ಹೆಗಲು ಒಮ್ಮೆ ಸಣ್ಣಗೆ ಕಂಪಿಸಿತು. ಕಿವಿಯ ಹತ್ತಿರ ವಿಧವೆಯ ಪಿಸುಮಾತು ಕೇಳಿತು: "ತುತ್ತೂರಿ ಹೊಸದು, ಕಂಪಾದ್ರೆ. ನೆನಪಿರಲಿ."

ಕೈ ಏಳಲಿಲ್ಲ.

"ವಿರೋಧ ಯಾರೂ ಇಲ್ಲ," ಎಂದು ಎವರಿಸ್ತೊ ಗಂಟೆ ಬಾರಿಸಿದ. "ಕಲ್ಲು ಮನೆಗೆ ಹೋಗಲಿ."

ಮುಂದಿನದು ಅವನಿಗೆ ಸದ್ದಿನಲ್ಲೇ ತಿಳಿಯಿತು. ಕಲ್ಲು ಭಾರ, ಅದನ್ನು ಎತ್ತಲು ಊರಿನಲ್ಲೇ ಗಟ್ಟಿಗನಾದವನು ಟ್ಯಾಕ್ಸಿ ಓಡಿಸುವ ಅಬುಂದಿಯೊ, ಅವನೇ ಮಂತ್ರವಾದಿ. ಅವನು ಕೋಲು, ಗರಿಯ ಟೊಪ್ಪಿಗೆ ಬಿಸಾಕಿ ಕಲ್ಲನ್ನು ಹೆಗಲಿಗೇರಿಸಿದ. ಯಾರೋ ಅದಕ್ಕೆ ಚೆಂಡುಹೂ ಮುಡಿಸಿದರು. (ಹೂ ಕಿತ್ತದ್ದು ಸತ್ತವನ ಮೈಮೇಲಿಂದ.) ಬ್ಯಾಂಡು ಶೋಕ ಬಿಟ್ಟು ಮದುವೆಯ ಹಾಡಿಗೆ ತಿರುಗಿತು; ಊರಿಗೆ ಊರೇ ಕುಣಿಯುತ್ತ, ಹಸಿಂತಾಳನ್ನು ಎರಡನೆಯ ಸಲ ಮದುಮಗಳನ್ನಾಗಿ ಮಾಡಿಕೊಂಡು ಬೀದಿಗಿಳಿಯಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಕಣ್ಣು ಮುಚ್ಚಿದವನಿಗೆ ತಿಳಿಯಲಿಲ್ಲ. ಅಧಿಕಾರಿಣಿ ಹೋಗುವ ಮುಂಚೆ ಚಾಪೆಯ ಬಳಿ ನಿಂತು, ಈ ಸತ್ತವನ ಪಾತ್ರಧಾರಿ ಯಾರು, ಬಹಳ ಸಹಜವಾಗಿದ್ದಾರೆ ಎಂದು ಮೆಚ್ಚಿದರು. ಮೊದಲಿಂದಲೂ ಹಾಗೇ ಎಂದ ಎವರಿಸ್ತೊ. ಫಲಕ ಖಂಡಿತ ಹಾಕಿಸುತ್ತೇನೆ ಎಂದು ಆಕೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. ಓದಿಲೋನನ ಎದೆ ಉಬ್ಬಿತು. 'ಸತ್ತವನಾಟದ ಊರು' ಎಂದು ಬರೆಸೋಣ ಎಂದು ಆಕೆ ಮುಂದುವರಿಸಿದರು. ಎದೆ ಮತ್ತೆ ಇಳಿಯಿತು.

ಮಂತ್ರವಾದಿ ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಅವನು ಕಾಯುತ್ತ ಮಲಗಿದ್ದ. ಬ್ಯಾಂಡು ದೂರವಾಯಿತು. ಮೂಗಿನ ಮೇಲೆ ನೊಣ ಕೂತಿತು, ಎದ್ದಿತು. ಕೊನೆಗೆ ಒಂದು ಕಣ್ಣು ತೆರೆದು ನೋಡಿದರೆ ಅಂಗಳದಲ್ಲಿ ಖಾಲಿ ಕುರ್ಚಿಗಳ ಹೊರತು ಯಾರೂ ಇರಲಿಲ್ಲ. ಎದೆಯ ಮೇಲೆ ಏನೋ ಚುಚ್ಚುತ್ತಿತ್ತು. ಕಲ್ಲಿನ ಮೇಲಿದ್ದ ಚೀಟಿಯನ್ನು ಯಾರೋ ಕೋಟಿಗೆ ಪಿನ್ನು ಹಾಕಿ ಸಿಕ್ಕಿಸಿದ್ದರು. 'ಅರೆಯುವ ಕಲ್ಲು' ಮತ್ತು 'ಹೆಂಗಸರದು' ಎಂಬುದನ್ನು ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು.

ಅವನು ಅಬುಂದಿಯೊನನ್ನು ಹುಡುಕಿಕೊಂಡು ಹೋಗಿ ತನ್ನನ್ನು ಎಬ್ಬಿಸುವ ಶಾಸ್ತ್ರ ಮುಗಿಸೆಂದು ಬೇಡಿಕೊಂಡ. ಆದರೆ ಅಬುಂದಿಯೊ ಅಷ್ಟರಲ್ಲಿ ಮೆಸ್ಕಾಲ್ ಮುಟ್ಟಿದ್ದ. ಕುಡಿದ ಮೇಲೆ ಮಂತ್ರ ಹಿಡಿಯುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದ. ಊರವರೂ ಇದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಬ್ಬಿಸಿಲ್ಲವೆಂದ ಮೇಲೆ ಸತ್ತಂತೆಯೇ. ಸತ್ತ ಮೇಲೆ ಅಧ್ಯಕ್ಷ ಸ್ಥಾನ ಖಾಲಿ. ಬೀದಿಯಲ್ಲೇ ನಿಂತು ಹೊಸ ಅಧ್ಯಕ್ಷರನ್ನು ಹೆಸರಿಸಿದರು. ಅಲ್ಲಿ ಇಲ್ಲದಿದ್ದವಳು ಹಸಿಂತಾ ಒಬ್ಬಳೇ, ಅವಳು ಒಲೆ ಹೊತ್ತಿಸಲು ಒಳಗೆ ಹೋಗಿದ್ದಳು. ಸುದ್ದಿ ತಿಳಿದಾಗ ಅವಳು ಮೊದಲು ಮಾಡಿದ ಕೆಲಸವೆಂದರೆ ಮನೆಗೊಂದು ವಸ್ತು ಎಂಬ ನಿಯಮದಂತೆ ಗಂಡನ ಕೋಟನ್ನು ಬಿಚ್ಚಿಸಿ, ಚೀಟಿಯ ಸಮೇತ ಖಾಲಿ ಕಟ್ಟೆಗೆ ಕಳಿಸಿದ್ದು. ಅದನ್ನು ಹೊರತರಬೇಕಾದರೆ ಒಂದೂ ಕೈ ಅಡ್ಡ ಏಳಬಾರದು. ಅವಳಿಗೆ ಎರಡು ಕೈಗಳಿವೆ.

ಹಬ್ಬದ ದಿನ ಬೆಳಗಿನಿಂದಲೇ ಅಡುಗೆಮನೆಯಲ್ಲಿ ಕಲ್ಲಿನ ಗರಗರ ಸದ್ದು. ಮಧ್ಯಾಹ್ನದ ಹೊತ್ತಿಗೆ ಕರಿ ಮೋಲೆಯ ವಾಸನೆ ಮಾಡು ದಾಟಿ ಬೀದಿಗೆ ಬಂತು. ಕಾಳು ತಿಂದು ತಿಂದು ನಾಲಗೆ ಸತ್ತಿದ್ದ ಓದಿಲೋನ್ ಬರೀ ಅಂಗಿಯಲ್ಲಿ, ಮೊದಲ ಸಲ ಯಾವ ಭಾಷಣವೂ ಇಲ್ಲದೆ, ಮೇಜಿನ ತುದಿಯಲ್ಲಿ ಕೂತ. ಕಂಪಾದ್ರೆಗೆ ಬಡಿಸಿದಳು, ಎವರಿಸ್ತೊನಿಗೆ ಬಡಿಸಿದಳು, ಬ್ಯಾಂಡಿನವರಿಗೆ ಎರಡೆರಡು ಸಲ ಬಡಿಸಿದಳು. ಅವನ ಮುಂದೆ ಮಾತ್ರ ಮೇಜು ಖಾಲಿ.

"ಮುದುಕಿ, ನನ್ನ ತಟ್ಟೆ?" ಎಂದು ಅವನು ಆದಷ್ಟು ಮೆಲ್ಲಗೆ ಕೇಳಿದ.

ಹಸಿಂತಾ ಸೌಟಿನಿಂದ ಎಡೆಯ ಕಡೆ ತೋರಿಸಿದಳು. ಚೆಂಡುಹೂಗಳ ಕೆಳಗೆ, ಮೇಣದ ಬತ್ತಿಗಳ ನಡುವೆ ಅವಳ ಅವ್ವನ ಫೋಟೋ ಇತ್ತು. ಪಕ್ಕದಲ್ಲಿ ಅಧ್ಯಕ್ಷನಾದ ಹೊಸತರಲ್ಲಿ ಕೋಟು ತೊಟ್ಟು ತೆಗೆಸಿಕೊಂಡ ಅವನದೇ ಫೋಟೋ. ಎರಡರ ಮುಂದೆಯೂ ಒಂದೊಂದು ತಟ್ಟೆ ತುಂಬ ಮೋಲೆ ಹಬೆಯಾಡುತ್ತಿತ್ತು.

"ಅಲ್ಲಿ ಇಟ್ಟಿದ್ದೀನಲ್ಲ. ನಮ್ಮವ್ವನ ಪಕ್ಕದಲ್ಲೇ ಜಾಗ ಕೊಟ್ಟಿದ್ದೀನಿ," ಎಂದಳು ಅವಳು, ರೊಟ್ಟಿ ಮಗುಚುತ್ತ. "ಸತ್ತೋರು ವಾಸನೆ ತಾನೇ ತಗೊಳ್ಳೋದು. ಆರೋಕೆ ಮುಂಚೆ ಚೆನ್ನಾಗಿ ಎಳ್ಕೋ, ಮುದುಕಾ."